ಭಟ್ಟರು ಮೂಸಿದ ಗುಚ್ಛಿ

ಗುರುವಾರ ಬೆಳಿಗ್ಗೆ ತುರ್ಭೆ ಸ್ಟೇಷನ್ನಿನ ಮೆಟ್ಟಿಲಿಳಿಯುತ್ತಿದ್ದಾಗ ಕೈಚೀಲದೊಳಗೆ ಫೋನ್ ಬಡಿದುಕೊಂಡಿತು. ಡೊಂಬಿವ್ಲಿಯ ಮನೆಯಿಂದ ಠಾಣೆ ಸ್ಟೇಷನ್ನಿನವರೆಗೆ ಲೋಕಲ್ಲಿನಲ್ಲಿ ನಿಂತುಕೊಂಡೇ ಬಂದು, ಅಲ್ಲಿ ಗಾಡಿ ಬದಲಿಸಿದ ಮೇಲೆ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದ ದಿನ ಅದು. ಮನಸ್ಸು ಹಗುರವಾಗಿತ್ತು.

"ಮೇಡಂ, ನೀವು ಕೊಟ್ಟ ರಿಪೋರ್ಟು ಸರಿ ಉಂಟಲ್ಲ?"

ನಮಸ್ಕಾರವಿಲ್ಲ, ಹೇಗಿದ್ದೀರಿ ಎಂಬ ಮಾತಿಲ್ಲ. ದನಿ ಶೆಟ್ಟರದು. ಠಾಣೆಯ ಮಾಜಿವಾಡಾದಲ್ಲಿ ಕೇಟರಿಂಗ್ ಅಡುಗೆಮನೆ ನಡೆಸುತ್ತಿದ್ದ ಉಡುಪಿ ಕಡೆಯವರು. ಬರುವ ಭಾನುವಾರ ಮಧ್ಯಾಹ್ನ ವಾಶಿಯ ಒಂದು ಹಾಲಿನಲ್ಲಿ ಅವರದೊಂದು ಮದುವೆಯ ಆರ್ಡರ್ ಇತ್ತು, ಆರುನೂರು ಜನದ ಊಟ. ಹುಡುಗಿಯ ತಂದೆ ಉಳಿದದ್ದನ್ನೆಲ್ಲ ಶೆಟ್ಟರ ಇಷ್ಟಕ್ಕೆ ಬಿಟ್ಟು ಒಂದು ಪದಾರ್ಥವನ್ನು ಮಾತ್ರ ತಾವೇ ಹೇಳಿ ಬರೆಸಿದ್ದರು: ಗುಚ್ಛಿ ಪಲಾವ್.

ಗುಚ್ಛಿ ಹಿಮಾಲಯದ ಕಾಡಣಬೆ. ಯಾರೂ ಬೆಳೆಯುವುದಲ್ಲ, ತಾನಾಗಿ ಏಳುವುದು. ಎತ್ತರದ ಇಳಿಜಾರುಗಳಲ್ಲಿ, ದೇವದಾರು ಮರಗಳ ಬುಡದಲ್ಲಿ, ಹಿಮ ಕರಗಿ ಹಿಂದೆ ಸರಿದ ಅಂಚಿನಲ್ಲಿ ಕೆಲವೇ ವಾರ ಕಾಣಿಸಿಕೊಳ್ಳುತ್ತದೆ. ಇವತ್ತು ಸಿಕ್ಕ ಜಾಗದಲ್ಲಿ ಮುಂದಿನ ವರ್ಷ ಸಿಕ್ಕೀತು ಎನ್ನುವ ಹಾಗಿಲ್ಲ. ಟೋಪಿ ಜೇನುಗೂಡಿನ ಹಾಗೆ ಕುಳಿ ಕುಳಿ. ಉದ್ದಕ್ಕೆ ಸೀಳಿದರೆ ತುದಿಯಿಂದ ಬುಡದವರೆಗೆ ಒಂದೇ ಪೊಳ್ಳು. ಒಣಗಿದ ಮೇಲೆ ಹಗುರ, ಕಪ್ಪು, ಹೊಗೆಯ ವಾಸನೆ. ನಾನು ಆ ಬೆಟ್ಟಗಳನ್ನು ನೋಡಿದವಳಲ್ಲ. ಮೈಸೂರಿನ ಕಾನ್ವೆಂಟಿನ ಕ್ಲಾಸಿನಲ್ಲಿ ನೇತುಹಾಕಿದ್ದ ಫಾರಿನ್ ಕ್ಯಾಲೆಂಡರಿನ ಹಿಮ, ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ಬಂದ ಕಂದು ಪುಡಿ, ನನ್ನ ಪಾಲಿಗೆ ಹಿಮಾಲಯ ಅಷ್ಟೇ.

ಶೆಟ್ಟರು ವಾಶಿ ಮಾರ್ಕೆಟ್ಟಿನ ಒಬ್ಬ ಡ್ರೈಫ್ರೂಟ್ ವ್ಯಾಪಾರಿಯಿಂದ ನಾಲ್ಕು ಕಿಲೋ ಒಣ ಗುಚ್ಛಿ ಕೊಂಡಿದ್ದರು. ಹತ್ತು ದಿನದ ಹಿಂದೆ ಅದರಲ್ಲಿ ಒಂದು ಪೊಟ್ಟಣವನ್ನು ಪರೀಕ್ಷೆಗೆಂದು ತುರ್ಭೆಯ ನಮ್ಮ ಫುಡ್ ಟೆಸ್ಟಿಂಗ್ ಲ್ಯಾಬಿಗೆ ತಂದುಕೊಟ್ಟರು. ಅಲ್ಲಿ ಮೈಕ್ರೋಸ್ಕೋಪ್ ನೋಡುವವಳು ನಾನೊಬ್ಬಳೇ. ಇದು ಎರಡು ಸಾವಿರದ ಹತ್ತರ ಆಚೀಚಿನ ಮಾತು. ನನ್ನ ರಿಟೈರ್‌ಮೆಂಟಿಗೆ ಒಂದು ವರ್ಷವಿತ್ತು. ಇದು ಗುಚ್ಛಿಯೇ, ಬೇರೆಯದಲ್ಲ ಎಂದು ರಿಪೋರ್ಟ್ ಬರೆದು ಸಹಿ ಹಾಕಿದ್ದೆ.

"ಯಾಕೆ ಶೆಟ್ಟರೇ, ಏನಾಯ್ತು?"

"ನಮ್ಮ ಅಡುಗೆ ಭಟ್ಟರು ಮಲಗಿದ್ದಾರೆ ಮೇಡಂ. ನಿನ್ನೆಯಿಂದ ವಾಂತಿ, ತಲೆಸುತ್ತು. ನರ್ಸಿಂಗ್ ಹೋಮಿನಲ್ಲಿ ಸಲೈನ್ ಹಾಕಿದ್ದು. ಮೊನ್ನೆ ಮಂಗಳವಾರ ಪಲಾವಿನ ಟ್ರಯಲ್ ಮಾಡಿದ್ದೆವು. ಹಾಗಂತ ಅದರಿಂದಲೇ ಅಂತ ನಾನು ಹೇಳುದಿಲ್ಲ. ಭಟ್ಟರು ಅದನ್ನು ತಿನ್ನಲೇ ಇಲ್ಲ."

"ಒಂದು ತುತ್ತೂ ಇಲ್ವಾ?"

"ಅವರು ಮಡಿಯವರು, ಅಣಬೆ ಬಾಯಿಗೆ ಹಾಕುದೇ ಇಲ್ಲ, ಮಾಡುದು ಮಾತ್ರ. ತಿಂದದ್ದು ನಾವು ಮೂರು ಜನ, ಒಂದೊಂದು ಚಮಚ. ನಮಗೆ ಸ್ವಲ್ಪ ಹೊಟ್ಟೆ ತೊಳೆಸಿದ ಹಾಗಾಯ್ತು, ಅಷ್ಟೇ. ಡಾಕ್ಟರು ಬಿಸಿಲಿನದ್ದು ಅಂದ್ರು."

"ಹಾಗಾದರೆ ಅಣಬೆಯದ್ದಲ್ಲ ಬಿಡಿ. ತಿನ್ನದವರಿಗೆ ಅಣಬೆ ಏನು ಮಾಡುತ್ತೆ?"

ಹಾಗೆಂದವಳು ನಾನೇ. ಐ ವಾಸ್ ವೆರಿ ಶ್ಯೂರ್ ಆಫ್ ಮೈಸೆಲ್ಫ್. ಶೆಟ್ಟರು ನಿಟ್ಟುಸಿರುಬಿಟ್ಟದ್ದು ಫೋನಿನಲ್ಲಿ ಕೇಳಿಸಿತು.

ಲ್ಯಾಬಿಗೆ ಹೋಗಿ ಏಪ್ರನ್ ಹಾಕಿಕೊಂಡ ಮೇಲೂ ಆ ನಿಟ್ಟುಸಿರು ಕಿವಿಯಲ್ಲೇ ಇತ್ತು. ರಿಜಿಸ್ಟರ್ ತೆಗೆದೆ. ಆ ಪೊಟ್ಟಣದ ಸಾಲಿನಲ್ಲಿ ನನ್ನದೇ ಸಣ್ಣ ಅಕ್ಷರದ ಟಿಪ್ಪಣಿ: ಅಲ್ಲಲ್ಲಿ ಎಣ್ಣೆಯ ಹನಿ, ಹೊಳಪಿಗೆ ಸವರಿರಬಹುದು.

ಈ ಟಿಪ್ಪಣಿಗೆ ಒಂದು ಹಿನ್ನೆಲೆ ಇದೆ. ನಮ್ಮ ಲ್ಯಾಬಿಗೆ ಬರುವ ಮಾಲಿನಲ್ಲಿ ಅರ್ಧಕ್ಕರ್ಧ ವಾಶಿಯದು. ಹಳೆಯ ಕರಿಮೆಣಸು ಹೊಸದರಂತೆ ಮಿಂಚಲಿ ಎಂದು ಎಣ್ಣೆ ಸವರಿ ಕಳಿಸುವವರನ್ನು ಹಿಡಿದು ಹಿಡಿದು ನನ್ನ ಕಣ್ಣು ಪಳಗಿತ್ತು. ಸ್ಲೈಡಿನಲ್ಲಿ ಹನಿ ಕಂಡರೆ ಸಾಕು, ಆಹಾ, ಪಾಲಿಶ್ ಎಂದು ಮನಸ್ಸು ತಾನೇ ಹೇಳಿಬಿಡುತ್ತಿತ್ತು. ಮಾರ್ಕೆಟ್ಟಿನ ಜಾಣತನ ನನಗೆ ಗೊತ್ತು ಎಂಬ ಸಣ್ಣ ಜಂಬ ಬೇರೆ. ಜೊತೆಗೆ ನಮ್ಮಲ್ಲಿ ಬಂದ ಪೊಟ್ಟಣವನ್ನು ಪೂರ್ತಿ ಅರೆದು ಪುಡಿ ಮಾಡಿಬಿಡುವುದು ಪದ್ಧತಿ. ಕೆಮಿಸ್ಟ್ರಿಯವರಿಗೂ ನನಗೂ ಒಂದೇ ಪುಡಿ. ಟೋಪಿಯ ಆಕಾರ ಹೇಗಿತ್ತು, ಸೀಳಿದರೆ ಪೊಳ್ಳಿತ್ತೇ ಎಂದು ನೋಡಲು ನನ್ನ ಟೇಬಲ್ಲಿಗೆ ಇಡೀ ಅಣಬೆ ಬಂದೇ ಇರಲಿಲ್ಲ. ಬೇಕು ಎಂದು ನಾನೂ ಕೇಳಿರಲಿಲ್ಲ.

ಹನ್ನೊಂದು ಗಂಟೆಗೆ ಶೆಟ್ಟರಿಗೆ ಫೋನ್ ಮಾಡಿದೆ. ಎತ್ತಿಕೊಂಡದ್ದು ಅವರ ದೊಡ್ಡಮ್ಮ. ಎಪ್ಪತ್ತು ದಾಟಿದ ಹೆಂಗಸು, ಆ ಅಡುಗೆಮನೆಯಲ್ಲಿ ಹೆಚ್ಚುವ, ಹೆಕ್ಕುವ ಕೆಲಸವೆಲ್ಲ ಅವರ ಕೈಕೆಳಗೆ. ಎರಡು ಮೂರು ಸಲ ನೋಡಿದ ಪರಿಚಯ.

"ದೊಡ್ಡಮ್ಮ, ಮಂಗಳವಾರ ಅದನ್ನು ಹೇಗೆ ಮಾಡಿದ್ರಿ, ಸ್ವಲ್ಪ ಹೇಳ್ತೀರಾ?"

"ಹೇಗೆ ಅಂದ್ರೆ? ಬಿಸಿನೀರಲ್ಲಿ ನೆನೆಹಾಕಿದ್ದು. ಆ ನೀರು ಚೆಲ್ಲುಲಿಕ್ಕಿಲ್ಲ, ರುಚಿ ಇರುದೇ ಅದ್ರಲ್ಲಿ. ಅದನ್ನೇ ಕುದಿಸಿ ಕುದಿಸಿ ಅರ್ಧಕ್ಕೆ ಇಳಿಸಿ ಅಕ್ಕಿಗೆ ಹಾಕಿದ್ದು."

"ಭಟ್ಟರು ತಿನ್ನಲ್ಲ ಅಂದರೆ ಹದ ಹೇಗೆ ನೋಡ್ತಾರೆ?"

"ಮೂಗು ಉಂಟಲ್ಲ, ಆನೆ ಸೊಂಡಿಲಿನ ಹಾಗೆ. ಮುಚ್ಚಳ ತೆಗೆದು ಮುಖ ಒಳಗೆ ಹಾಕಿ ಮೂಸುದು. ಮತ್ತೆ ಮುಚ್ಚುದು, ಮತ್ತೆ ಮೂಸುದು. ಅರ್ಧ ಗಂಟೆ ಅದೇ ಕೆಲಸ. ಮೂಸಿದರೆ ಅರ್ಧ ಊಟ ಅಂತ ದೊಡ್ಡವರು ಹೇಳಿದ್ದಲ್ವಾ. ಅವತ್ತು ಭಟ್ಟರಿಗೆ ಪೂರ್ತಿ ಊಟವೇ ಆಗಿದೆ."

ದೊಡ್ಡಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಹಿಮದಂಚಿನ ಅದೇ ಕಾಡುಗಳಲ್ಲಿ, ಅದೇ ವಾರಗಳಲ್ಲಿ ಇನ್ನೊಂದು ಅಣಬೆಯೂ ಏಳುತ್ತದೆ. ಪುಸ್ತಕದಲ್ಲಿ ಅದಕ್ಕೆ ಫಾಲ್ಸ್ ಮೊರೆಲ್ ಎನ್ನುತ್ತಾರೆ, ಕಳ್ಳ ಗುಚ್ಛಿ ಎನ್ನೋಣ. ದೂರದಿಂದ ಅಕ್ಕತಂಗಿಯರ ಹಾಗೆ. ಅದರ ವಿಷ ಕುದಿಯುವಾಗ ಆವಿಯ ಜೊತೆ ಮೇಲೇಳುತ್ತದೆ; ತಿನ್ನುವವರಿಗಿಂತ ಮೊದಲು ಅಟ್ಟವರು ಮಲಗುವುದುಂಟು. ಕಾಲೇಜಿನಲ್ಲಿ ಪರೀಕ್ಷೆಗೆಂದು ಉರುಹೊಡೆದಿದ್ದ ಸಾಲು. ಮೂವತ್ತೈದು ವರ್ಷ ಎಲ್ಲಿತ್ತೋ, ದೊಡ್ಡಮ್ಮನ ನಗುವಿನ ಹಿಂದೆ ಎದ್ದು ಬಂತು.

ಎರಡನ್ನೂ ಬೇರೆ ಮಾಡುವ ಗುರುತು ಅವುಗಳ ಸ್ಪೋರಿನಲ್ಲಿದೆ, ಎಂದರೆ ಧೂಳಿಗಿಂತ ಸಣ್ಣ ಬೀಜಕಣದಲ್ಲಿ. ನಿಜವಾದ ಗುಚ್ಛಿಯ ಸ್ಪೋರ್ ಅಗಲ, ಒಳಗೆ ಖಾಲಿ. ಕಳ್ಳನದು ಸ್ವಲ್ಪ ಕಿರಿದು, ಒಳಗೆ ಎರಡು ಎಣ್ಣೆಹನಿ, ಆ ತುದಿಗೊಂದು ಈ ತುದಿಗೊಂದು.

ಹನಿ. ನಾನು ಪಾಲಿಶ್ ಎಂದು ಬರೆದಿದ್ದೆನಲ್ಲ.

ಹನಿ ಸ್ಪೋರಿನ ಒಳಗಿದೆಯೋ ಹೊರಗೆ ಅಂಟಿದೆಯೋ ಎನ್ನುವುದೊಂದೇ ಪ್ರಶ್ನೆ. ಲ್ಯಾಬಿನ ನಿಯಮದಂತೆ ಪ್ರತಿ ಪೊಟ್ಟಣದಲ್ಲೂ ಸ್ವಲ್ಪ ಎತ್ತಿಡುತ್ತೇವೆ. ಆ ಪುಡಿಯ ಬಾಟಲಿ ತೆಗೆದೆ. ಚಿಟಿಕೆ ಪುಡಿಯನ್ನು ಟ್ಯೂಬಿಗೆ ಹಾಕಿ, ಪೆಟ್ರೋಲಿಯಂ ಈಥರ್ ಸುರಿದು, ಕುಲುಕಿ, ತಳಕ್ಕಿಳಿಯಲು ಬಿಟ್ಟು, ಮೇಲಿನದನ್ನು ಬಸಿದೆ. ಹೊರಗೆ ಸವರಿದ ಎಣ್ಣೆಯಾದರೆ ಈಥರಿನಲ್ಲಿ ಕರಗಿ ಹೋಗಬೇಕು. ಎರಡನೆಯ ಸಲ ತೊಳೆದೆ. ಮೂರನೆಯ ಸಲ. ಪುಡಿ ಒಣಗಲು ಇಪ್ಪತ್ತು ನಿಮಿಷ ಬೇಕು, ಬಿಸಿ ಮಾಡಿ ಅವಸರಿಸುವ ಹಾಗಿಲ್ಲ, ಈಥರಿಗೆ ಬೆಂಕಿ ಆಗದು. ಆವಿ ಹೀರುವ ಫ್ಯೂಮ್ ಹುಡ್ಡಿನ ಗಾಜಿನ ಮುಂದೆ ಕೈಕಟ್ಟಿ ನಿಂತೆ. ಕಾನ್ವೆಂಟಿನಲ್ಲಿ ಬಾಟನಿ ಕಲಿಸಿದ ಸಿಸ್ಟರ್ ಸ್ಲೈಡ್ ಮಾಡುವಾಗ ನನ್ನ ಬೆನ್ನ ಹಿಂದೆ ಬಂದು ಅನ್ನುತ್ತಿದ್ದರು: "ಡೋಂಟ್ ಬಿ ಕ್ಲೆವರ್, ಚೈಲ್ಡ್. ಬಿ ಕ್ಲೀನ್." ಹತ್ತು ದಿನದ ಹಿಂದೆ ನಾನು ಕ್ಲೆವರ್ ಆಗಿದ್ದೆ. ತೊಳೆದು ನೋಡಿರಲಿಲ್ಲ.

ಬರೀ ನೀರಿನಲ್ಲಿ ಸ್ಲೈಡ್ ಮಾಡಿ ಲೆನ್ಸ್ ತಿರುಗಿಸಿದೆ. ಮೊದಲ ನೋಟದಲ್ಲಿ ಸಿಕ್ಕಿದ್ದೆಲ್ಲ ಅಗಲದ, ಖಾಲಿ ಸ್ಪೋರುಗಳು. ಎರಡನೆಯ ಕಡೆಯೂ ಅದೇ. ಮೂರನೆಯ ಕಡೆ, ಒಂದು ತುಣುಕಿನ ಅಂಚಿನಲ್ಲಿ ಸಾಲಾಗಿ ಏಳೆಂಟು, ಕಿರಿದಾದವು. ಪ್ರತಿಯೊಂದರೊಳಗೂ ಎರಡು ಹನಿ. ಮೂರು ಸಲ ತೊಳೆದರೂ ಅಲ್ಲೇ ಕುಳಿತು ನನ್ನನ್ನೇ ನೋಡುತ್ತಿದ್ದವು.

ಮೊದಲ ಫೋನ್ ನರ್ಸಿಂಗ್ ಹೋಮಿಗೆ. ಡಾಕ್ಟರ್ ಮೊದಲು "ಪೇಷಂಟ್ ಮಶ್ರೂಮ್ ತಿಂದೇ ಇಲ್ಲವಲ್ಲ" ಎಂದರು. ಆವಿಯ ವಿಷಯ ಹೇಳಿದೆ. ಆಮೇಲೆ ಅಣಬೆಯ ಬಾಟನಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು, ಲಿವರ್ ಟೆಸ್ಟ್ ಮಾಡಿಸುತ್ತೇನೆ, ಓದಿ ನೋಡಿ ಔಷಧಿ ಬದಲಿಸುತ್ತೇನೆ ಎಂದರು. ಎರಡನೆಯ ಫೋನ್ ಶೆಟ್ಟರಿಗೆ.

"ಮಾಲು ಮುಟ್ಟಬೇಡಿ. ನಾನು ಬರ್ತಿದ್ದೀನಿ."

"ಬೆಳಿಗ್ಗೆ ಅದರದ್ದಲ್ಲ ಅಂದ್ರಲ್ಲ ಮೇಡಂ."

"ಬೆಳಿಗ್ಗೆ ತಪ್ಪು ಹೇಳಿದೆ ಶೆಟ್ಟರೇ."

ಮಾಜಿವಾಡಾದ ಆ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಎರಡು ಪೆಟ್ಟಿಗೆಗಳಿದ್ದವು. ಬಿಳಿ ಬಟ್ಟೆ ಹಾಸಿ ಒಂದನ್ನು ಸುರಿದೆವು. ಹೊಗೆ ಮತ್ತು ಮಣ್ಣಿನ ವಾಸನೆ ಕೋಣೆ ತುಂಬಿತು. ಒಳ್ಳೆಯ ವಾಸನೆ, ಅದನ್ನು ಹೇಳಲೇಬೇಕು. ನಾನು ಕಂಡಿರದ ಬೆಟ್ಟದ ಯಾವುದೋ ಮನೆಯ ಒಲೆಯ ವಾಸನೆ. ಮುಖ ಮುಚ್ಚಿಕೊಳ್ಳಿ ಎಂದು ಎಲ್ಲರಿಗೂ ಹೇಳಿ ನಾನು ಲೆನ್ಸ್ ಹಿಡಿದು ಕೂತೆ. ಕಾಲು ಗಂಟೆಯಲ್ಲಿ ಮೊದಲನೆಯದು ಸಿಕ್ಕಿತು. ಕುಳಿಗಳಿಲ್ಲ, ಸುಕ್ಕು ಸುಕ್ಕಾದ ಮಡಿಕೆ. ಬ್ಲೇಡಿನಿಂದ ಸೀಳಿದೆ. ಪೊಳ್ಳಿಲ್ಲ, ಒಳಗೆಲ್ಲ ಸಣ್ಣ ಸಣ್ಣ ಗೂಡು.

ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು. "ಇದು ಅಕ್ರೋಟಿನ ತಿರುಳಿನ ಹಾಗೆ ಉಂಟು. ಅದು ಜೇನಿನ ರಟ್ಟಿನ ಹಾಗೆ. ಇಷ್ಟೇ ಅಲ್ವಾ? ಇದಕ್ಕೆ ಕಾಲೇಜಿಗೆ ಹೋಗ್ಬೇಕಾ ಮಾರಾಯ್ತಿ?"

ಶೆಟ್ಟರು ವ್ಯಾಪಾರಿಗೆ ಫೋನ್ ಹಚ್ಚಿದರು. ವ್ಯಾಪಾರಿ ನನ್ನ ಮಾತನ್ನು ನಂಬಲಿಲ್ಲ. ಬೆಟ್ಟದಿಂದ ಮಾಲು ಕಳಿಸಿದ ಏಜೆಂಟನ ನಂಬರ್ ಕೊಟ್ಟು, ಅವನನ್ನೇ ಕೇಳಿ ಎಂದ. ಏಜೆಂಟ್ ವಯಸ್ಸಾದ ಮನುಷ್ಯ, ಸಾವಧಾನದ ಹಿಂದಿ. ಅಕ್ರೋಟಿನಂಥದ್ದು ಎಂದ ತಕ್ಷಣ ಅವನಿಗೆ ಗೊತ್ತಾಯಿತು. ಹಳಬರು ಅದನ್ನು ಮುಟ್ಟುವುದಿಲ್ಲ ಎಂದ. ಈ ಸಲ ಹಿಮ ಬೇಗ ಕರಗಿತು, ಗುಚ್ಛಿ ಕಡಿಮೆ, ರಸ್ತೆ ಕೆಲಸಕ್ಕೆ ಬಂದ ಹೊಸಬರೂ ಕಾಡು ಹೊಕ್ಕಿದ್ದರು. ಆಮೇಲೆ ಅವನೇ ನನ್ನನ್ನು ಕೇಳಿದ.

"ಲೇಕಿನ್ ಮೇಡಂಜೀ, ಧಾಗಾ ಕಿಸ್‌ನೇ ಕಾಟಾ?"

ದಾರ ಕತ್ತರಿಸಿದ್ದು ಯಾರು? ಅಲ್ಲಿ ಒಂದೊಂದು ಮನೆಯವರೂ ತಾವು ಹೆಕ್ಕಿದ್ದನ್ನು ದಾರಕ್ಕೆ ಪೋಣಿಸಿ ಒಲೆಯ ಮೇಲೆ ತೂಗುಹಾಕಿ ಒಣಗಿಸುತ್ತಾರಂತೆ. ಒಂದು ಮಾಲೆ ಎಂದರೆ ಒಂದು ಮನೆ. ಒಂದರಲ್ಲಿ ಕೆಟ್ಟದ್ದು ಕಂಡರೆ ಆ ಮಾಲೆ ಮಾತ್ರ ಎಸೆದರಾಯಿತು, ಉಳಿದದ್ದಕ್ಕೆ ಭಯವಿಲ್ಲ. ಅವನು ಮಾಲೆಗಳನ್ನೇ ಕಳಿಸಿದ್ದ. ವಾಶಿಯಲ್ಲಿ ಗಿರಾಕಿ ದಾರದ ತೂಕಕ್ಕೆ ಗೊಣಗುತ್ತಾನೆಂದು ದಾರ ಕತ್ತರಿಸಿ, ದೊಡ್ಡದು ಸಣ್ಣದು ಎಂದು ಗಾತ್ರ ನೋಡಿ ಬೇರೆ ಮಾಡಿ, ಎಲ್ಲ ಮನೆಯದನ್ನೂ ಒಂದೇ ರಾಶಿ ಮಾಡಿದ್ದರು. ನಾವು ಲ್ಯಾಬಿನಲ್ಲಿ ಅರೆದು ಪುಡಿ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನನಗೇ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೇ ನಾನು ಮಾಜಿವಾಡಾದಲ್ಲಿದ್ದೆ. ಭಟ್ಟರ ಲಿವರ್ ಟೆಸ್ಟಿನ ಫಲಿತ ಬಂದಿತ್ತು, ಚೆನ್ನಾಗಿರಲಿಲ್ಲ. ಇನ್ನೆರಡು ದಿನ ಕಳೆಯದೆ ಏನೂ ಹೇಳಲಾರೆ ಎಂದಿದ್ದರು ಡಾಕ್ಟರ್. ಶೆಟ್ಟರು ಗಡ್ಡ ಬೋಳಿಸಿರಲಿಲ್ಲ.

"ಹೆಕ್ಕಿ ತೆಗೆಯುವ ಮೇಡಂ. ದೊಡ್ಡಮ್ಮ ಇದ್ದಾರೆ, ಆರು ಹೆಂಗಸರಿದ್ದಾರೆ. ಒಂದೊಂದನ್ನೂ ಸೀಳಿ ನೋಡುವ. ಸಂಜೆಯೊಳಗೆ ಆಗ್ತದೆ. ಈಗ ಹುಡುಗಿಯ ಅಪ್ಪನಿಗೆ ಗುಚ್ಛಿ ಇಲ್ಲ ಅಂದ್ರೆ ನನ್ನ ಕಥೆ ಎಂತ? ವಾಶಿಯಲ್ಲಿ ಇನ್ನು ಯಾರೂ ನನ್ನನ್ನು ಕರೀಲಿಕ್ಕಿಲ್ಲ."

ನನಗೂ ಅದು ಸರಿ ಎನಿಸಿತು. ಇಡೀ ಅಣಬೆಯನ್ನು ಸೀಳಿದರೆ ಕಳ್ಳ ಅಡಗಲಾರ. ನಾಲ್ಕು ತಟ್ಟೆ ಇಟ್ಟೆವು: ಒಳ್ಳೆಯದು, ಕಳ್ಳ, ಅನುಮಾನ, ಮುರುಕು. ಹೆಂಗಸರು ಸೀಳುವುದು, ದೊಡ್ಡಮ್ಮ ನೋಡುವುದು, ಅನುಮಾನದ್ದು ನನ್ನ ಕೈಗೆ. ಅವರ ಬೆರಳುಗಳ ವೇಗಕ್ಕೆ ನನ್ನ ಕಣ್ಣು ಸೋತಿತು. ನಡುನಡುವೆ ತುಳುವಿನಲ್ಲಿ ಏನೋ ತಮಾಷೆ. ಕೇಳಿದರೆ ದೊಡ್ಡಮ್ಮ ಕನ್ನಡದಲ್ಲಿ ಹೇಳಿದರು: "ಮೇಡಂ ಒಂದನ್ನು ನೋಡುವಷ್ಟರಲ್ಲಿ ಮದುವೆ ಹುಡುಗಿಗೆ ಬಾಣಂತನ ಆಗ್ತದೆ ಅಂತ ಹೇಳ್ತಿದ್ದಾರೆ."

ಮೂರು ಗಂಟೆಗೆ ಎರಡೂ ಪೆಟ್ಟಿಗೆ ಮುಗಿದವು. ಕಳ್ಳನ ತಟ್ಟೆಯಲ್ಲಿ ಒಂದು ಹಿಡಿಯಷ್ಟು. ಒಳ್ಳೆಯದರ ರಾಶಿ ದೊಡ್ಡದು. ಆದರೆ ಮುರುಕಿನ ತಟ್ಟೆಯೂ ಚಿಕ್ಕದಲ್ಲ. ಒಣಗಿದ ಗುಚ್ಛಿ ಹಪ್ಪಳದ ಹಾಗೆ. ದಾರದಿಂದ ಬಿಡಿಸಿದ್ದು, ಜರಡಿಗೆ ಹಾಕಿದ್ದು, ಟೆಂಪೋದಲ್ಲಿ ಕುಲುಕಿದ್ದು ಎಲ್ಲ ಸೇರಿ ಎಷ್ಟೋ ಮುರಿದಿತ್ತು. ಚೂರುಗಳು ಒಳ್ಳೆಯದರ ಕುಳಿಗಳಲ್ಲೂ ಸಿಕ್ಕಿಕೊಂಡಿದ್ದವು.

"ಮುರುಕು ಬಿಸಾಡುವ. ಇಡೀದು ಸಾಕು," ಎಂದರು ಶೆಟ್ಟರು. "ನೀವು ಒಂದು ಹೊಸ ರಿಪೋರ್ಟು ಬರೆದು ಕೊಡಿ. ಹೆಕ್ಕಿದ್ದು, ಸರಿ ಉಂಟು ಅಂತ."

ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಪೆನ್ನು ಚೀಲದಲ್ಲೇ ಇತ್ತು. ತೆಗೆಯುವ ಮೊದಲು ಒಂದು ಕೆಲಸ ಮಾಡೋಣ ಎಂದೆ. ಹೆಂಗಸರನ್ನು ಚಹಾಕ್ಕೆ ಕಳಿಸಿ, ಕಳ್ಳನ ತಟ್ಟೆಯಿಂದ ಉಗುರಿನಷ್ಟು ಸಣ್ಣ ಹನ್ನೆರಡು ಚೂರು ಎಣಿಸಿ ತೆಗೆದೆ. ಮೂರು ಹಿಡಿ ಒಳ್ಳೆಯ ಗುಚ್ಛಿಗೆ ಅವನ್ನು ಬೆರೆಸಿ ಮೊರದಲ್ಲಿ ಕೇರುವಂತೆ ಎರಡು ಸಲ ಅಲುಗಾಡಿಸಿದೆ. ದೊಡ್ಡಮ್ಮ ಬಂದ ಮೇಲೆ ಹೇಳಿದೆ:

"ಇದರಲ್ಲಿ ಕಳ್ಳ ಇದೆ. ಎಷ್ಟು ಅಂತ ಹೇಳಲ್ಲ. ತೆಗೀರಿ ನೋಡೋಣ."

"ನನಗೇ ಪರೀಕ್ಷೆಯಾ?" ದೊಡ್ಡಮ್ಮ ಕಾಲು ಮಡಚಿ ಕೂತರು. ಹತ್ತು ನಿಮಿಷದಲ್ಲಿ ಒಂಬತ್ತು ತೆಗೆದರು. ಇನ್ನೂ ಇದೆ ಎಂದೆ. ಮತ್ತೆ ಕನ್ನಡಕ ಒರೆಸಿ ಒಂದು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಹನ್ನೊಂದು.

"ಆಯ್ತು. ಇನ್ನಿಲ್ಲ."

"ಇನ್ನೊಂದಿದೆ ದೊಡ್ಡಮ್ಮ."

ಅವರು ಹುಡುಕಿದರು. ಸಿಗಲಿಲ್ಲ. ಆಮೇಲೆ ನಾನು ಲೆನ್ಸ್ ಹಿಡಿದೆ. ಎಷ್ಟು ಹಾಕಿದ್ದೆನೆಂದು ಗೊತ್ತಿರುವವಳು, ಹೆಸರು ಗೊತ್ತಿರುವವಳು, ಮೂವತ್ತೈದು ವರ್ಷ ಇದೇ ಕೆಲಸ ಮಾಡಿದವಳು. ಮೂರು ಹಿಡಿ ರಾಶಿಯನ್ನು ಒಂದೊಂದೇ ಎತ್ತಿ, ಕುಳಿ ಕುಳಿಯೊಳಗೆ ಸೂಜಿ ಹಾಕಿ ನೋಡಿದೆ. ಒಂದು ಗಂಟೆ. ಕತ್ತು ಸೆಳೆಯಿತು. ಶೆಟ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡುವುದನ್ನು ಬಿಟ್ಟರು. ಹನ್ನೆರಡನೆಯದು ಅಲ್ಲೇ ಇತ್ತು, ಖಂಡಿತ ಇತ್ತು. ಸಿಗಲಿಲ್ಲ.

ಕೊನೆಗೆ ದೊಡ್ಡಮ್ಮನೇ ಕೇಳಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಮೇಡಂ, ಈ ರಾಶಿಯದ್ದು ನೀವು ತಿಂತೀರಾ?"

"ಇಲ್ಲ."

"ಮತ್ತೆ ಎಂತ ಕೇಳ್ಲಿಕ್ಕೆ," ಎಂದು ಅವರು ಎದ್ದು ಸೆರಗು ಕೊಡವಿಕೊಂಡರು.

ಅಲ್ಲಿಂದ ಸೀದಾ ತುರ್ಭೆಗೆ ಹೋದೆ. ಲ್ಯಾಬಿನ ಮ್ಯಾನೇಜರ್ ಮರಾಠಿ ಸದ್ಗೃಹಸ್ಥ, ಕೆಟ್ಟವರಲ್ಲ. ಕೇಳಿ ತಲೆ ಆಡಿಸಿದರು. ರಿಪೋರ್ಟ್ ವಾಪಸ್ ತೆಗೆದುಕೊಳ್ಳುತ್ತೇನೆ ಎಂದಾಗ ಮಾತ್ರ ಕುರ್ಚಿಯಲ್ಲಿ ನೆಟ್ಟಗಾದರು.

"ವಿಥ್‌ಡ್ರಾ ಕಶಾಲಾ, ಯಾಕೆ ಮ್ಯಾಡಮ್? ಅಮೆಂಡೆಡ್ ಅಂತ ಬರೀರಿ. ಬೇರೆ ಅಣಬೆ ಸ್ವಲ್ಪ ಬೆರೆತಿದೆ, ಹೆಕ್ಕಿ ಬಳಸುವುದು, ಅಂತ. ಕೆಳಗೆ ನಮ್ಮ ಸಾಲು ಇದ್ದೇ ಇದೆ, ಕೊಟ್ಟ ಸ್ಯಾಂಪಲ್ಲಿಗೆ ಮಾತ್ರ ಈ ಫಲಿತ ಅಂತ. ಯು ಆರ್ ಕವರ್ಡ್."

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅಮೆಂಡೆಡ್ ಎಂದರೆ ಮೊದಲಿನದು ಬಹುಪಾಲು ಸರಿ ಎಂದರ್ಥ. ಹೆಕ್ಕಿ ಬಳಸುವುದು ಎಂದರೆ ಹೆಕ್ಕಲು ಸಾಧ್ಯ ಎಂದರ್ಥ. ಸಾಧ್ಯವಿಲ್ಲ ಎಂದು ನಾನು ಒಂದು ಗಂಟೆ ನೆಲದ ಮೇಲೆ ಕೂತು ಕಂಡುಕೊಂಡಿದ್ದೆ.

"ಸರ್, ಹನ್ನೆರಡರಲ್ಲಿ ಒಂದು ನನಗೇ ಸಿಗಲಿಲ್ಲ," ಎಂದೆ. "ಕೊಟ್ಟ ಸ್ಯಾಂಪಲ್ಲಿನಲ್ಲೇ ನಾನು ತಪ್ಪು ನೋಡಿದ್ದೀನಿ. ವಿಥ್‌ಡ್ರಾನ್ ಅಂತಲೇ ಬರೀತೀನಿ. ನಿಮಗೆ ಬೇಡವಾದರೆ ನನ್ನ ಹೆಸರಿನಲ್ಲಿ ಶೆಟ್ಟರಿಗೆ ಕಾಗದ ಬರೆದು ಕೊಡ್ತೀನಿ. ಕಾಗದವಂತೂ ಹೋಗುತ್ತೆ."

ಅವರು ಲೆಟರ್‌ಹೆಡ್ಡಿನ ಡ್ರಾಯರ್ ಎಳೆದರು. "ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕಾಗುತ್ತದೆ. ಸೋಮವಾರ ಬರೀರಿ. ಯೋಚನೆ ಮಾಡಿ ಬರೀರಿ."

ಶನಿವಾರ ಹತ್ತು ಗಂಟೆಗೆ ಆ ಕಾಗದವನ್ನು ಶೆಟ್ಟರ ಕೈಗೆ ಕೊಟ್ಟೆ. ಅವರು ನಿಂತೇ ಓದಿದರು. ಗಡ್ಡ ಬೋಳಿಸಿದ್ದರು. ಹುಡುಗಿಯ ತಂದೆಗೆ ಹಿಂದಿನ ಸಂಜೆಯೇ ಹೇಳಿಯಾಗಿತ್ತಂತೆ, ಬೈಗುಳ ತಿಂದೂ ಆಗಿತ್ತು. ಪಲಾವಿಗೆ ಏನು ಮಾಡುತ್ತೀರಿ ಎಂದೆ. ಗೋಡೆಗೆ ಒರಗಿಸಿಟ್ಟ ಎಳೆ ಹಲಸಿನಕಾಯಿಗಳ ಕಡೆ ಕೈ ತೋರಿಸಿದರು. ದೊಡ್ಡಮ್ಮ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ವ್ಯಾಪಾರಿಯ ಫೋನ್. ಶೆಟ್ಟರು ಸ್ಪೀಕರಿಗೆ ಹಾಕಿದರು. ವ್ಯಾಪಾರಿಯ ದನಿಯಲ್ಲಿ ಈ ಸಲ ಜಗಳವಿಲ್ಲ, ಬೆಣ್ಣೆಯಂತಿತ್ತು.

"ಶೇಠ್, ಟೆನ್ಶನ್ ಮತ್ ಲೋ. ಮಾಲ್ ವಾಪಸ್ ಭೇಜ್ ದೋ, ಪೂರಾ ಪೈಸಾ ವಾಪಸ್. ಮೇರೇ ಪಾಸ್ ದೂಸ್ರೀ ಪಾರ್ಟಿ ಹೈ. ಟೆಂಪೋ ನಿಕಲ್ ಚುಕಾ ಹೈ."

ಮಾಲು ಹಿಂದಕ್ಕೆ ಕೊಟ್ಟರೆ ಶೆಟ್ಟರು ಕೊಟ್ಟ ದುಡ್ಡೆಲ್ಲ ಹಿಂದಕ್ಕೆ. ಬೇರೆ ಗಿರಾಕಿ ಕಾದಿದ್ದಾನೆ, ಗಾಡಿಯೂ ಹೊರಟಿದೆ. ಫೋನ್ ಇಟ್ಟ ಮೇಲೆ ಶೆಟ್ಟರು ನನ್ನತ್ತ ನೋಡಿದರು. ನಾನು ಏನನ್ನಾದರೂ ಹೇಳಬಹುದಿತ್ತು. ಕಳೆದ ವಾರವಾಗಿದ್ದರೆ ಹೇಳುತ್ತಿದ್ದೆನೇನೋ. ನನ್ನ ಒಂದು ಸಹಿಗೆ ಆ ಮನುಷ್ಯ ಆಗಲೇ ಇಷ್ಟು ತೆತ್ತಿದ್ದರು, ಇನ್ನೂ ತೆರಿ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಕಾಗದ ಆರುನೂರು ಜನರನ್ನು ಕಾಯ್ದಿತು. ಆ ಇನ್ನೊಂದು ಪಾರ್ಟಿಗೆ ಯಾರ ಕಾಗದ?

"ದೊಡ್ಡಮ್ಮ," ಎಂದರು ಶೆಟ್ಟರು. "ಬಿಳಿ ಪಂಚೆಗೆ ಹಾಕುವ ನೀಲಿ ಉಂಟಲ್ಲ, ಅದು ಎಲ್ಲಿ?"

"ಈಗ ಯಾಕೆ ನಿನಗೆ ನೀಲಿ?"

"ಕೊಡಿ ಹೇಳ್ತೇನೆ."

ಅವರು ಎರಡು ಪೆಟ್ಟಿಗೆಯನ್ನೂ, ಮುರುಕನ್ನೂ, ಕಳ್ಳನ ತಟ್ಟೆಯನ್ನೂ ಅಂಗಳದಲ್ಲಿದ್ದ ಪಾತ್ರೆ ತೊಳೆಯುವ ದೊಡ್ಡ ಟಬ್ಬಿಗೆ ಸುರಿದರು. ತಣ್ಣೀರು ಬಿಟ್ಟರು. ನೀಲಿಯ ಬಾಟಲಿ ಪೂರ್ತಿ ಬಗ್ಗಿಸಿದರು. ಗುಚ್ಛಿ ತೇಲುವ ವಸ್ತು. ನೀರಿನ ಮೇಲೆ ಕಪ್ಪಾಗಿ ಹಾಸಿಕೊಂಡು, ಒಳಗಿಳಿಯದೆ ನಿಂತಿತು. ಶೆಟ್ಟರು ದೊಡ್ಡ ಸೌಟಿನಿಂದ ಒತ್ತಿದರು, ಮತ್ತೆ ಮೇಲೆ ಬಂತು. ನಾನು ವಾಚ್ ಬಿಚ್ಚಿಟ್ಟು, ಸೆರಗು ಸಿಕ್ಕಿಸಿ, ಎರಡೂ ಕೈ ಹಾಕಿ ಒತ್ತಿ ಹಿಡಿದೆ. ಕುಳಿಗಳೊಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಬೆರಳ ಸಂದಿಯಿಂದ ಹೊರಟಿತು. ದೊಡ್ಡಮ್ಮ ಪಕ್ಕದಲ್ಲಿ ಕೂತು ತಾವೂ ಕೈ ಹಾಕಿದರು.

"ನೋಡಿ, ಅದರಲ್ಲೇ ಇದ್ದಾನೆ ಹನ್ನೆರಡನೆಯವ," ಎಂದರು. "ಮುಳುಗಿ ಸಾಯಲಿ."

ಟೆಂಪೋ ಬಂದಾಗ ಅಣಬೆಗಳು ನೀಲಿ ಕುಡಿದು ತಳಕ್ಕಿಳಿದಿದ್ದವು. ಡ್ರೈವರ್ ಟಬ್ಬಿನೊಳಗೆ ಇಣುಕಿ, ಮೂವರ ಕೈಗಳನ್ನೂ ನೋಡಿ, ಖಾಲಿ ಟೆಂಪೋ ತಿರುಗಿಸಿಕೊಂಡು ಹೋದ.

ಭಾನುವಾರ ಸಂಜೆ ಶೆಟ್ಟರು ಫೋನ್ ಮಾಡಿದರು. ಹಲಸಿನಕಾಯಿ ಪಲಾವ್ ಖಾಲಿಯಾಗಿತ್ತು. ಹುಡುಗಿಯ ತಂದೆ ಮಾತು ಬಿಟ್ಟಿದ್ದರು. ಅವರ ಬಳಗದಿಂದ ಶೆಟ್ಟರಿಗೆ ಇನ್ನೊಂದು ಆರ್ಡರ್ ಆಮೇಲೂ ಬರಲಿಲ್ಲ. ಭಟ್ಟರ ಎರಡನೆಯ ಟೆಸ್ಟ್ ಮೊದಲಿನದಕ್ಕಿಂತ ಇಳಿದಿತ್ತು, ಗಂಜಿ ಒಳಗೆ ನಿಂತಿತ್ತು. ಸೋಮವಾರ ಲ್ಯಾಬಿಗೆ ಹೋಗುವ ಮೊದಲು ಠಾಣೆಯಲ್ಲಿಳಿದು ಅವರನ್ನು ನೋಡಿಬಂದೆ. ಮುಖ ಅರ್ಧವಾಗಿತ್ತು. ಕೂರಲು ಹ್ಞೂಂ ಎಂದು ಸನ್ನೆ ಮಾಡಿ, ನರ್ಸ್ ಹೊರಗೆ ಹೋಗುವವರೆಗೆ ಕಾದು ಕೇಳಿದರು.

"ಮೇಡಂ, ನೀವು ಓದಿದವರು. ಒಂದು ವಿಷಯ ಹೇಳಿ. ನಾನು ಅದನ್ನು ತಿಂದ ಹಾಗೆ ಆಯ್ತೋ, ಇಲ್ಲವೋ?"

ಅಷ್ಟು ದಿನ ಅವರನ್ನು ಕಾಡಿದ್ದು ಲಿವರ್ ಅಲ್ಲ, ಇದು.

"ತಪ್ಪು ನಿಮ್ಮದಲ್ಲ ಭಟ್ಟರೇ. ನಾನು ಸರಿಯಾಗಿ ನೋಡಿದ್ದಿದ್ದರೆ ಅದು ನಿಮ್ಮ ಒಲೆಗೇ ಬರ್ತಿರಲಿಲ್ಲ."

ಅವರು ನನ್ನ ಕೈಗಳನ್ನೇ ನೋಡಿದರು. ಎರಡು ದಿನ ಸೋಪು, ನಿಂಬೆಹಣ್ಣು ಎಲ್ಲ ಹಾಕಿ ತಿಕ್ಕಿದ್ದರೂ ಉಗುರಿನ ಬುಡಗಳು ನೀಲಿಯಾಗಿಯೇ ಇದ್ದವು.

"ಹೋಗ್ಲಿ ಬಿಡಿ," ಎಂದರು ಭಟ್ಟರು. "ಟಬ್ಬಿನ ವಿಷಯ ಶೆಟ್ಟರು ಹೇಳಿದ್ರು. ನೀವಾದ್ರೂ ಕೈ ಹಾಕಿದ್ರಲ್ಲ."

ಲ್ಯಾಬಿನಲ್ಲಿ ಮ್ಯಾನೇಜರ್ ರಿಜಿಸ್ಟರನ್ನು ನನ್ನ ಟೇಬಲ್ಲಿನ ಮೇಲೆ ತೆರೆದೇ ಇಟ್ಟಿದ್ದರು. ಎರಡು ವಾರದ ಹಿಂದಿನ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಕಾರಣ ಎಂಬ ಕಾಲಮ್ಮಿನಲ್ಲಿ ಬರೆದೆ: ಸ್ಯಾಂಪಲ್ ತೊಳೆದು ನೋಡಿರಲಿಲ್ಲ. ಅಷ್ಟೇ ಬರೆಯಲು ಜಾಗವಿತ್ತು. ಸಹಿ ಹಾಕುವಾಗ ಕೈ ಬೆವರಿತ್ತೋ ಏನೋ, ಪುಟದ ಅಂಚಿನಲ್ಲಿ ಹೆಬ್ಬೆರಳಿನದೊಂದು ತೆಳುವಾದ ನೀಲಿ ಗುರುತು ಬಿತ್ತು. ಒರೆಸಲು ಕರ್ಚೀಫ್ ತೆಗೆದವಳು ಹಾಗೆಯೇ ಬಿಟ್ಟೆ.

ಪಕ್ಕದಲ್ಲಿ ಆ ದಿನದ ಮೊದಲ ಪೊಟ್ಟಣ ಕಾದಿತ್ತು. ವಾಶಿಯ ಕರಿಮೆಣಸು, ಇನ್ನೂ ಅರೆದಿರಲಿಲ್ಲ. ಅರೆಯಬೇಡಿ, ಮೊದಲು ಇಡಿಯಾಗಿ ನನಗೆ ಕೊಡಿ ಎಂದು ಹೇಳಿ, ಈಥರಿನ ಬಾಟಲಿಯ ಮುಚ್ಚಳ ತೆಗೆದೆ.